ಬಂತ್ರಿ ಸರ, ಬಂದೇಬಿಡ್ತು

‘ಸರ್ವರ್ ಸಮಸ್ಯೆ: ಜನರ ಪರದಾಟ.’ ಈ ತಲೆಬರಹವನ್ನು ಪತ್ರಿಕೆಯವರು ಒಂದು ಸಲ ಜೋಡಿಸಿ ಎತ್ತಿಟ್ಟುಕೊಂಡಿರಬೇಕು. ಜಿಲ್ಲೆಯ ಹೆಸರು ಬದಲಿಸಿದರೆ ಸುದ್ದಿ ತಯಾರು. ಮೊನ್ನೆಯೂ ಬಂದಿತ್ತು, ನೀವು ಓದಿರುತ್ತೀರಿ. ನನಗೆ ಓದಲು ಆಗಲಿಲ್ಲ. ಆ ಹೊತ್ತಿಗೆ ವಿಜಯಪುರದ ಒಂದು ಆನ್‌ಲೈನ್ ಸೆಂಟರಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ನಾನೇ ಪರದಾಡುತ್ತಿದ್ದೆ.

ಬೇಕಿದ್ದದ್ದು ಒಂದು ದಾಖಲೆ. ಯಾವ ಇಲಾಖೆಯದು ಅಂತ ಕೇಳಬೇಡಿ. ಯಾವುದಾದರೇನು, ‘ಕಾಯಿರಿ’ ಅಂತ ಪರದೆ ಮೇಲೆ ಸುತ್ತುವ ಆ ಚಕ್ರ ಎಲ್ಲ ಕಡೆ ಒಂದೇ ಥರ ತಿರುಗುತ್ತದೆ. ಅದರ ಕೆಳಗೆ, ‘ದಯವಿಟ್ಟು ಕಾಯಿರಿ. ರಿಫ್ರೆಶ್ ಮಾಡಬೇಡಿ. ಹಿಂದಕ್ಕೆ ಹೋಗಬೇಡಿ.’ ಇಷ್ಟು ಮರ್ಯಾದೆ ಕೊಟ್ಟು ನನ್ನನ್ನು ಯಾವ ಕಚೇರಿಯೂ ಇದುವರೆಗೆ ಕಾಯಿಸಿರಲಿಲ್ಲ.

ಆ ಚಕ್ರದ ಹಿಂದೆ ಒಂದು ವಿದ್ಯೆ ಇದೆ: ಪುಟ ರೀಲೋಡ್ ಆಗದೆ ಸರ್ವರ್, ಅಂದರೆ ಮಾಹಿತಿ ಇಟ್ಟುಕೊಂಡು ಕೂತ ದೂರದ ಕಂಪ್ಯೂಟರ್, ಜೊತೆ ಮಾತಾಡುವುದು. ನಿಜಕ್ಕೂ ಚಲೋ ವಿದ್ಯೆ. ಮೊದಲೆಲ್ಲ ಒಂದು ಜಿಲ್ಲೆ ಆರಿಸಿದರೆ ಇಡೀ ಪುಟ ಬೆಳ್ಳಗಾಗಿ ಮತ್ತೆ ಮೇಲಿನಿಂದ ಇಳಿದು ಬರುತ್ತಿತ್ತು. ಖಾನಾವಳಿಯಲ್ಲಿ ಶೇಂಗಾ ಹಿಂಡಿ ಕೇಳಿದರೆ, ತಾಟು ಎತ್ತಿ, ನಿಮ್ಮನ್ನು ಹೊರಗೆ ಕಳಿಸಿ, ಮತ್ತೆ ಕರೆದು ಹೊಸ ತಾಟು ಹಾಕಿದಂಗೆ. ಬ್ರೌಸರಿನಲ್ಲೇ ಮೇಲ್ ನೋಡುವ ಔಟ್‌ಲುಕ್‌ಗಾಗಿ ಮೈಕ್ರೋಸಾಫ್ಟ್‌ನವರು ಇದಕ್ಕೊಂದು ದಾರಿ ಕಂಡುಕೊಂಡರು. 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಅದು ಹೊರಬಂತು. ಆಮೇಲೆ ಇದೇ ದಾರಿ ಹಿಡಿದು 2004ರಲ್ಲಿ ಜಿಮೇಲ್, 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದವು. ಅದೇ 2005ರಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬ ವೆಬ್ ವಿನ್ಯಾಸಕರು ಈ ವಿದ್ಯೆಗೆ ‘ಏಜಾಕ್ಸ್’ ಅಂತ ಹೆಸರಿಟ್ಟರು. ನೀವು ಕೂತಲ್ಲೇ ಕೂತು ರೊಟ್ಟಿ ಮುರಿಯುತ್ತಿರಿ, ಹಿಂಡಿ ತಾನಾಗಿ ತಾಟಿಗೆ ಬರುತ್ತದೆ. ತಂದು ಬಡಿಸುವವನಿಗೂ ನಾವು ಸರ್ವರ್ ಅಂತಲೇ ಅನ್ನುತ್ತೇವೆ ಅಲ್ವಾ!

ಆದರೆ ಖಾನಾವಳಿ ಹುಡುಗ ನಿಯತ್ತಿನವನು. ‘ಬದನಿಕಾಯಿ ತೀರೈತ್ರಿ, ಝುಣಕಾ ತರ್ಲ್ಯಾ?’ ಅಂತ ಬಂದು ಕೇಳುತ್ತಾನೆ. ಪೋರ್ಟಲಿನ ಸರ್ವರ್ ‘ಬಂತ್ರಿ ಸರ’ ಅಂತ ಒಳಗೆ ಹೋದವನು ಹಿತ್ತಲ ಬಾಗಿಲಿನಿಂದ ಊರಿಗೇ ಹೋಗಿಬಿಡುತ್ತಾನೆ.

ಚಕ್ರದ ತನಕ ತಲುಪಿದ್ದೂ ಸಾಹಸವೇ. ಜಿಲ್ಲೆಗಳ ಪಟ್ಟಿಯಲ್ಲಿ ‘ವಿಜಯಪುರ’ವೂ ಇತ್ತು, ‘ಬಿಜಾಪುರ’ವೂ ಇತ್ತು. ಅಭಿಮಾನದಿಂದ ವಿಜಯಪುರ ಒತ್ತಿದೆ. ತಾಲೂಕಿನ ಜಾಗ ಖಾಲಿ. ಬಿಜಾಪುರ ಒತ್ತಿದೆ. ಥಟ್ಟನೆ ಬಂದವು: ಬಿಜಾಪುರ, ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ. ಐದೇ ಐದು. ನಮ್ಮ ಹೊಲ ಇರುವ ತಿಕೋಟಾ ತಾಲೂಕು ಆಗಿದ್ದು ಆ ಪುಟಕ್ಕೆ ಇನ್ನೂ ಗೊತ್ತಿಲ್ಲ. ಊರಿನ ಹೆಸರು ಬದಲಾಗಿದ್ದು 2014ರ ನವೆಂಬರ್ 1ರಂದು. 1997ರಲ್ಲಿ ಬೇರೆಯಾದ ಬಾಗಲಕೋಟೆಯನ್ನು ನಮ್ಮ ತಾಲೂಕು ಅಂತ ತೋರಿಸಲಿಲ್ಲ, ಅದೇ ಪುಣ್ಯ. ಪುಟ ಬದಲಾಗದೆ ಮಾಹಿತಿ ಬದಲಾಗಬೇಕು, ಈ ವಿದ್ಯೆಯ ಸೊಗಸೇ ಅದು. ಇಲ್ಲಿ ಪುಟದ ಬಣ್ಣ ಬದಲಾಗಿದೆ, ಮೇಲಿನ ಫೋಟೊಗಳು ಬದಲಾಗಿವೆ, ಮಾಹಿತಿ ಮಾತ್ರ ಗೂಟ ಹೊಡೆದುಕೊಂಡು ಕೂತಿದೆ.

ಕಿಟಕಿಯಿಂದ ಗೋಳಗುಮ್ಮಟ ಕಾಣುತ್ತಿತ್ತು. 1656ರಲ್ಲಿ ಕಟ್ಟಿ ಮುಗಿಸಿದ್ದು. ಮೇಲೆ ಹೋಗಿ ಒಂದು ಸಲ ಕೂಗಿದರೆ ಏಳು ಸಲ ಉತ್ತರ ಬರುತ್ತದೆ ಅಂತ ಗೈಡುಗಳು ಹೇಳುತ್ತಾರೆ. ಪಾಸ್‌ವರ್ಡ್ ಕೇಳುವುದಿಲ್ಲ, ಓಟಿಪಿ ಕಳಿಸುವುದಿಲ್ಲ. ನಾನು ಏಳು ಸಲ ಒತ್ತಿದೆ. ಒಂದಕ್ಕೂ ಉತ್ತರವಿಲ್ಲ.

ಅಂಗಡಿ ಹುಡುಗ ಡಿಪ್ಲೊಮಾ ಓದಿದವನು. ಕೀಬೋರ್ಡಿನ ಎಫ್12 ಒತ್ತಿ ಪುಟದ ಹೊಟ್ಟೆಯೊಳಗೆ ತೋರಿಸಿದ. ಅಲ್ಲಿ ಕೆಂಪು ಅಕ್ಷರದಲ್ಲಿ 500 ಅಂತ ಇತ್ತು. ಅಂದರೆ ‘ನನ್ನ ಕೈಲಾಗಲ್ಲ’ ಅಂತ ಸರ್ವರ್ ಯಾವಾಗಲೋ ಹೇಳಿಯಾಗಿತ್ತು. ಉತ್ತರ ನಮ್ಮ ಕಂಪ್ಯೂಟರಿಗೇ ಬಂದು ಕೂತಿತ್ತು. ಚಕ್ರಕ್ಕೆ ಮಾತ್ರ ಯಾರೂ ತಿಳಿಸಿರಲಿಲ್ಲ. ‘ಕೆಲಸ ಆದ್ರ ಏನ್ ತೋರಿಸ್ಬೇಕಂತ ಬರದಾರ್ರಿ. ಆಗದಿದ್ರ ಏನಂತ ಬರದೇ ಇಲ್ಲ’ ಅಂದ. ಈಗ ಸರ್ವರ್‌ನಿಂದ ಮಾಹಿತಿ ತರಿಸಲು ಬ್ರೌಸರಿನ ‘ಫೆಚ್’ ಅನ್ನೋ ಹೊಸ ವಿಧಾನವನ್ನು ಜಾಸ್ತಿ ಬಳಸುತ್ತಾರಂತೆ. ‘ಕೇಳಿದ್ದು ಇಲ್ಲಿಲ್ಲ’ ಅನ್ನುವ 404 ಬರಲಿ, 500 ಬರಲಿ, ಉತ್ತರ ಅಂತ ಒಂದು ಬಂದರೆ ಅದರ ಲೆಕ್ಕದಲ್ಲಿ ಕೆಲಸ ಮುಗಿಯಿತು. ಒಳಗೆ ಏನಿದೆ ಅಂತ ಪುಟ ಬರೆದವನೇ ತೆಗೆದು ನೋಡಬೇಕು. 1999ರ ಆ ಹಳೆಯ ವಿಧಾನಕ್ಕೋ, ಇಷ್ಟು ಸೆಕೆಂಡಿಗೆ ಬಿಟ್ಟುಬಿಡು ಅಂತ ನಾವು ಗಡುವು ಕೊಡದಿದ್ದರೆ ತನ್ನದೇ ಗಡುವು ಅಂತ ಇಲ್ಲ. ನಮ್ಮ ಫೈಲುಗಳ ಹಾಗೆಯೇ.

ಪಕ್ಕದಲ್ಲಿ ಹಳ್ಳಿಯ ಅಜ್ಜ ಒಬ್ಬರು ಕೂತಿದ್ದರು. ಮೂರನೇ ದಿನವಂತೆ. ಮೂರು ದಿನದ ಬಸ್ ಚಾರ್ಜು, ಮೂರು ದಿನದ ಕೂಲಿ. ಮೊದಲಾದರೆ ಪುಟವೇ ಬಿದ್ದುಹೋಗುತ್ತಿತ್ತು, ಇವತ್ತು ಆಗುವುದಿಲ್ಲ ಅಂತ ಗೊತ್ತಾಗಿ ಹತ್ತೂವರೆ ಬಸ್ಸಿಗೇ ಮನೆಗೆ ಹೋಗುತ್ತಿದ್ದರು. ಈಗ ತಪ್ಪೂ ಕಣ್ಣಿಗೆ ಬೀಳುವುದಿಲ್ಲ, ಸುಮ್ನೆ ಚಂದದ ಚಕ್ರ ತಿರುಗುತ್ತದೆ. ‘ಆಗಲಿಲ್ಲ, ನಾಳೆ ಬನ್ನಿ’ ಅಂತ ತೋರಿಸಲು ಎರಡು ಸಾಲು ಬರೆದರೆ ಸಾಕು. ಎರಡೇ ಸಾಲು. ಅದನ್ನು ಒಬ್ಬ ಬರೆಯಲಿಲ್ಲ, ಇನ್ನೊಬ್ಬ ಕೇಳಲಿಲ್ಲ, ಮೂರನೆಯವನು ನೋಡದೆ ಬಿಲ್ಲಿಗೆ ಸಹಿ ಹಾಕಿದ. ಅವರಲ್ಲಿ ಒಬ್ಬರಿಗಾದರೂ ಒಂದು ದಿನದ ಸಂಬಳ ಕಡಿಮೆಯಾಗಿದೆಯಾ?

ಸಂಜೆಯಾಯಿತು. ‘ಮುತ್ಯಾ, ನಾಳಿ ನಸಿಕಿನ್ಯಾಗ ಬರ್ರಿ, ಆವಾಗ ಸರ್ವರ್ ಖಾಲಿ ಇರ್ತೈತಿ’ ಅಂತ ಹುಡುಗ ಮೌಸ್‌ಗೆ ಕೈ ಹಾಕಿದ. ಅಜ್ಜ ಅವನ ಕೈ ಹಿಡಿದರು.

‘ಬಂದ್ ಮಾಡಬ್ಯಾಡೋ ತಮ್ಮಾ. ಮುಂಜಾನಿಂದ ತಿರಗೈತಿ. ರಾತ್ರಿ ಬಂದ್ರೂ ಬರಬಹುದು.’