ಮೊದಲು ಆ ಲೈಟ್ ಆರಿಸಿ ಮಾರಾಯ್ರೆ

ಸೊಂಟದೆತ್ತರ ಬೆಳೆದ ಸೇವಂತಿಗೆ. ಕಡುಹಸಿರು ಎಲೆ, ಹುಳ ಇಲ್ಲ, ರೋಗ ಇಲ್ಲ. ಮೊಗ್ಗೂ ಇಲ್ಲ! ಡಿಸೆಂಬರ್ ಅರ್ಧ ಕಳೆದಿದೆ, ಒಂದೇ ಒಂದು ಮೊಗ್ಗಿಲ್ಲ. ತೀರ್ಥಹಳ್ಳಿ ಕಡೆ ಒಂದು ಮನೆಯಂಗಳದಲ್ಲಿ ನಿನ್ನೆ ಕಂಡದ್ದು. "ನರ್ಸರಿಯವ್ನು ಗಂಡುಗಿಡ ಕೊಟ್ಟು ಮೋಸ ಮಾಡಿದ" ಅಂತ ಮನೆಯವರ ದೂರು. ಸೇವಂತಿಗೆಯಲ್ಲಿ ಗಂಡುಗಿಡ! ಮಾಡಿನ ಮೂಲೆಯಲ್ಲಿ 50 ವ್ಯಾಟಿನ ಎಲ್‌ಇಡಿ ಫ್ಲಡ್‌ಲೈಟ್, ಕುಂಡಗಳ ತಲೆ ಮೇಲೇ ಮುಖ ಮಾಡಿ ನಿಂತಿದೆ. ಸಂಜೆ ಆರಕ್ಕೆ ಹಾಕಿದರೆ ಬೆಳಿಗ್ಗೆ ಆರಕ್ಕೆ ಆರಿಸುವುದಂತೆ. ರಾತ್ರಿ ಕಬಡ್ಡಿ ಪಂದ್ಯಕ್ಕೆ ಅಂಕಣ ತಯಾರು ಮಾಡಿದ ಹಾಗಿದೆ ಅಂಗಳ.

ಹೂವಿನ ವಿಷಯಕ್ಕೆ ಬಂದರೆ ನನ್ನ ಬಾಯಿ ಎಷ್ಟು ಕೆಟ್ಟದ್ದು ಅಂತ ಇಲ್ಲಿರುವವರಿಗೆ ಗೊತ್ತು. ಅಲ್ಲಿ ಕಾಫಿ ಕುಡಿದು ಮರ್ಯಾದೆಯಿಂದ ಎದ್ದು ಬಂದಿದ್ದೇನೆ. ಹಾಗಾಗಿ ಉಳಿದದ್ದನ್ನೆಲ್ಲ ಇಲ್ಲಿ ಕಕ್ಕುತ್ತಿದ್ದೇನೆ.

ಸೇವಂತಿಗೆ ಹೂ ಬಿಡುವುದು ಚಳಿಗಲ್ಲ, ಕತ್ತಲೆಗೆ. ಚಳಿ ಬಿದ್ದಾಗ ಬಣ್ಣ ಗಾಢವಾಗುತ್ತದೆ, ಹೂ ಹೆಚ್ಚು ದಿನ ನಿಲ್ಲುತ್ತದೆ, ಅಷ್ಟೇ. ಮೊಗ್ಗು ಕಟ್ಟಬೇಕೋ ಬೇಡವೋ ಅಂತ ಗಿಡ ತೀರ್ಮಾನ ಮಾಡುವುದು ರಾತ್ರಿ ಎಷ್ಟು ಉದ್ದ ಅಂತ ಅಳೆದು. ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು ತಂಬಾಕು ಗಿಡ ಇಟ್ಟುಕೊಂಡು 1920ರಲ್ಲೇ ಹೂವಿಗೂ ಹಗಲಿನ ಉದ್ದಕ್ಕೂ ಸಂಬಂಧ ಇದೆ ಅಂತ ತೋರಿಸಿಕೊಟ್ಟರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನಮ್ಮಲ್ಲೂ ರಸ್ತೆ ಬದಿ ಬೆಳೆದು ಪಂಚೆಗೆ ಅಂಟುತ್ತದಲ್ಲ ಒಂದು ಮುಳ್ಳುಕಾಯಿ ಕಳೆ, ಅದಕ್ಕೆ ಉದ್ದ ರಾತ್ರಿಯ ಮಧ್ಯೆ ಸ್ವಲ್ಪ ಹೊತ್ತು ಬೆಳಕು ಬಿಟ್ಟರೆ ಹೂವೇ ಬರುವುದಿಲ್ಲ ಅಂತ ಕಂಡುಕೊಂಡರು. ಅಂದರೆ ಗಿಡದ ಲೆಕ್ಕ ಹಗಲಿನದಲ್ಲ, ನಡುವೆ ಕಡಿಯದ ಕತ್ತಲಿನದು. ಇಷ್ಟು ಹಳೆಯ ಸಂಗತಿ ಇದು. ಪಾಲಿಹೌಸಿನಲ್ಲಿ ಸೇವಂತಿಗೆ ಬೆಳೆಯುವವರು ಹೂವನ್ನು ಬೇಕಾದ ತಾರೀಖಿಗೆ ತಳ್ಳಲು ಬೇಕಂತಲೇ ರಾತ್ರಿ ದೀಪ ಹಾಕುತ್ತಾರೆ. ನೀವೂ ಅದನ್ನೇ ಮಾಡುತ್ತಿದ್ದೀರಿ, ತಾರೀಖು ಮಾತ್ರ ಇಟ್ಟುಕೊಂಡಿಲ್ಲ.

ಶಿವಮೊಗ್ಗದಲ್ಲಿ ಜೂನಿನ ಅತಿ ಉದ್ದದ ಹಗಲು ಹೆಚ್ಚುಕಡಿಮೆ 13 ಗಂಟೆ. ಡಿಸೆಂಬರಿನ ಅತಿ ಗಿಡ್ಡ ಹಗಲು ಸುಮಾರು 11 ಕಾಲು ಗಂಟೆ. ವ್ಯತ್ಯಾಸ ಎರಡು ಗಂಟೆಯೂ ಇಲ್ಲ. ಅಷ್ಟರಲ್ಲೇ ಕಾಲ ಗುರುತು ಹಿಡಿಯುವ ಗಿಡದ ಮೇಲೆ ರಾತ್ರಿಯಿಡೀ ಫ್ಲಡ್‌ಲೈಟ್ ಬಿಟ್ಟು ಹೂ ಕೇಳಿದರೆ? ಅದರ ಪಾಲಿಗೆ ದೀಪಾವಳಿಯೂ ಬಂದಿಲ್ಲ, ಧನುರ್ಮಾಸವೂ ಬಂದಿಲ್ಲ. ಎಲೆ ಬಿಟ್ಟುಕೊಂಡು ಎತ್ತರಕ್ಕೆ ಹೋಗುತ್ತಿರುತ್ತದೆ.

ಸೇವಂತಿಗೆ ಒಂದೇ ಅಲ್ಲ. ಗೇಟಿನ ಪಕ್ಕದ ಪಾಯಿನ್ಸೆಟಿಯಾ, ಅದೇ ಕ್ರಿಸ್‌ಮಸ್ ಹೊತ್ತಿಗೆ ತುದಿಯೆಲೆ ಕೆಂಪಾಗುವ ಗಿಡ, ಇನ್ನೂ ಸೂಕ್ಷ್ಮ. ಬೀದಿದೀಪದ ಕಡೆಗಿನ ಕೊಂಬೆಗಳು ಹಸಿರಾಗೇ ಉಳಿದು ಮನೆ ಕಡೆಯವು ಮಾತ್ರ ಕೆಂಪಾದ ಗಿಡ ನೋಡಿದ್ದರೆ ಕಾರಣ ಇದೇ. ಅದರ ಮೇಲೇ ಸೀರಿಯಲ್ ಸೆಟ್ ಸುತ್ತುವವರೂ ಇದ್ದಾರೆ, ಗಿಡಕ್ಕೆ ಬಣ್ಣ ಸಾಲದು ಅಂತ! ಕಲಾಂಚೋ ಕುಂಡ ತಂದ ವರ್ಷ ಹೂ ತುಂಬಿರುತ್ತದೆ, ಆಮೇಲೆ ಬರೀ ದಪ್ಪ ಎಲೆ. ಇಟ್ಟಿರುವುದು ಎಲ್ಲಿ? ರಾತ್ರಿ ಹತ್ತೂವರೆವರೆಗೆ ಟ್ಯೂಬ್‌ಲೈಟ್ ಉರಿಯುವ ಜಗಲಿಯಲ್ಲಿ. ಚೆಂಡುಹೂ, ಕಾಸ್ಮಾಸ್ ಪೂರ್ತಿ ಮುನಿಸಿಕೊಳ್ಳುವುದಿಲ್ಲ, ಉದ್ದ ಬೆಳೆದು ತಡವಾಗಿ ಬಿಡುತ್ತವೆ. ಚಪ್ಪರದ ಅವರೆಯದ್ದೂ ಅದೇ ಜಾತಕ. ಹಳೆಯ ತಳಿಗಳು ರಾತ್ರಿ ಉದ್ದವಾದರೇ ಹೂ ಬಿಡುವುದು, ಅವರೆಕಾಯಿಗೆ ಚಳಿಗಾಲದ ಸುಗ್ಗಿ ಅಂತ ಒಂದಿರುವುದೇ ಆ ಕಾರಣಕ್ಕೆ. ದೀಪದ ಅಡಿಯಲ್ಲಿ ಚಪ್ಪರ ಹಾಕಿದರೆ ನೇರಳೆ ಹೂವೂ ಇಲ್ಲ, ಸಾರಿಗೆ ಕಾಯಿಯೂ ಇಲ್ಲ. ಹೆಬ್ಬಾಳ ಅವರೆ-4ರಂಥ ತಳಿಗೆ ಈ ರಗಳೆ ಇಲ್ಲ, ಯಾವ ಕಾಲದಲ್ಲೂ ಬಿಡುತ್ತದೆ. ಸೊಗಡಿನ ಬಗ್ಗೆ ನನ್ನನ್ನು ಕೇಳಬೇಡಿ, ಜಗಳವಾಗುತ್ತದೆ.

"ಅಡಿಕೆ ಒಣಗಿಸೋ ಸಮಯ, ಲೈಟ್ ಆರಿಸಿದರೆ ಕಳ್ಳರು ಬಿಡ್ತಾರಾ?" ಅಂತ ಕೇಳುತ್ತೀರಿ, ಗೊತ್ತು. ಕೊನೆ ಇಳಿಸಿ, ಸುಲಿದು, ಬೇಯಿಸಿ ಚಪ್ಪರಕ್ಕೆ ಹರವಿದ ಅಡಿಕೆ ಕಾಯಲೇಬೇಕು, ಒಪ್ಪಿದೆ. ಚಿರತೆ ನಾಯಿ ಹೊತ್ತೊಯ್ಯುವ ಊರುಗಳೂ ಇವೆ, ಅದನ್ನೂ ಒಪ್ಪಿದೆ. ಆದರೆ ಅಡಿಕೆ ಇರುವುದು ಚಪ್ಪರದಲ್ಲಿ, ಸೇವಂತಿಗೆ ಕುಂಡದಲ್ಲಿ ಅಲ್ಲವಲ್ಲ! ಲೈಟಿನ ಮುಖ ತಿರುಗಿಸಿ. ಮೇಲೆ ಒಂದು ತಗಡಿನ ಮರೆ ಕಟ್ಟಿ ಬೆಳಕು ಕೆಳಗೆ ಮಾತ್ರ ಬೀಳುವಂತೆ ಮಾಡಿ. ಆಳು ಓಡಾಡಿದಾಗ ಮಾತ್ರ ಹತ್ತಿ ಒಂದು ನಿಮಿಷಕ್ಕೆ ಆರುವ ಸೆನ್ಸರ್ ಲೈಟ್ ಹಾಕಿ, ಅಷ್ಟು ಬೆಳಕನ್ನು ಸೇವಂತಿಗೆ ತಡೆದುಕೊಳ್ಳುತ್ತದೆ. ಕಳ್ಳನಿಗೂ ರಾತ್ರಿಯಿಡೀ ಉರಿಯುವ ದೀಪಕ್ಕಿಂತ ಫಕ್ಕನೆ ಹತ್ತುವ ದೀಪದ ಭಯವೇ ಹೆಚ್ಚು. ಇದ್ಯಾವುದೂ ಆಗುವುದಿಲ್ಲ ಅಂದರೆ ಗಿಡಕ್ಕೂ ಲೈಟಿಗೂ ನಡುವೆ ಒಂದು ಸೋಗೆ ತಟ್ಟಿ ನಿಲ್ಲಿಸಿ. ಅಥವಾ ಕುಂಡ ಎತ್ತಿ ಹಿತ್ತಿಲಿಗೆ ಇಡಿ.

ಇನ್ನೊಂದು ಜಾಣತನ ಉಂಟು: "ಬಿಳಿ ಲೈಟ್ ತೆಗೆದು ಹಳದಿ ಛಾಯೆಯದ್ದು ಹಾಕಿದ್ದೀವಿ, ಗಿಡಕ್ಕೆ ಮೃದು." ಅಲ್ಲ ಮಾರಾಯ್ರೆ, ಉಲ್ಟಾ. ಗಿಡದ ಕತ್ತಲೆಯ ಲೆಕ್ಕ ಕೆಡಿಸುವುದರಲ್ಲಿ ಎಲ್ಲಕ್ಕಿಂತ ಮುಂದಿರುವುದು ಕೆಂಪು ಬೆಳಕು. ಹಳದಿ ಛಾಯೆಯ ಎಲ್‌ಇಡಿಯಲ್ಲಿ ಕೆಂಪಿನ ಪಾಲು ಜಾಸ್ತಿ. ಬಣ್ಣ ಬದಲಿಸಿದರೆ ಸಾಲದು, ಬೆಳಕೇ ಬೀಳಬಾರದು. ಎಷ್ಟು ಬಿದ್ದರೆ ಜಾಸ್ತಿ? ರಾತ್ರಿ ಒಂಬತ್ತಕ್ಕೆ ಗಿಡದ ಪಕ್ಕ ನಿಂತು ಪೇಪರ್ ಹಿಡಿಯಿರಿ. ಸುದ್ದಿ ಓದಲು ಬಂದರೆ ಆ ಜಾಗ ಇವಕ್ಕೆ ಆಗದು. ಹುಣ್ಣಿಮೆ ಬೆಳದಿಂಗಳಿಗೆ ಹೆದರಬೇಡಿ, ಅದು ತೀರಾ ಮಂದ.

ಬೀದಿದೀಪ ಆರಿಸಲು ಆಗದಿದ್ದರೆ ಕುಂಡದ ಪಾಯಿನ್ಸೆಟಿಯಾಕ್ಕೆ ಒಂದು ದಾರಿ ಇದೆ. ಅಕ್ಟೋಬರ್ ಮೊದಲ ವಾರದಿಂದ ಎಂಟು ವಾರ, ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ ದೊಡ್ಡ ರಟ್ಟಿನ ಡಬ್ಬಿ ಕವುಚಬೇಕು, ಇಲ್ಲವೇ ಕತ್ತಲೆ ಕೋಣೆಯಲ್ಲಿ ಇಟ್ಟು ಬೆಳಿಗ್ಗೆ ಬಿಸಿಲಿಗೆ ತರಬೇಕು. ನಡುವೆ ರಾತ್ರಿಗಳು ತಪ್ಪಿದರೆ ಬಣ್ಣ ತಡವಾಗುತ್ತದೆ. ಡಬ್ಬಿ ಹಗಲಲ್ಲೂ ಹಾಗೇ ಬಿಟ್ಟರೆ ನಮ್ಮ ತೇವಕ್ಕೆ ಬೂಷ್ಟು ಬಂದು ಎಲೆ ಉದುರುತ್ತದೆ. ಮುರಿದರೆ ಬರುವ ಹಾಲು ಕಣ್ಣಿಗೆ ತಾಗಿಸಬೇಡಿ.

ಲೈಟ್ ಆರಿಸಿಯೂ ಹೂ ಬರದಿದ್ದರೆ ಆಗ ಬೇರೆ ಕಾರಣ ಹುಡುಕಿ. ಮುಖ್ಯವಾಗಿ ಕುಡಿ ಚಿವುಟಿದ್ದು ಯಾವಾಗ? ಸೇವಂತಿಗೆ ಮರಿ ನೆಟ್ಟು ನಾಲ್ಕೈದು ವಾರಕ್ಕೆ ಒಮ್ಮೆ, ಕವಲೊಡೆದ ಮೇಲೆ ಇನ್ನೊಮ್ಮೆ ಚಿವುಟಬೇಕು. ಆಗಸ್ಟ್ ಮುಗಿದ ಮೇಲೆ ಕೈ ಹಾಕಬಾರದು. ಅಕ್ಟೋಬರಿನಲ್ಲಿ ಚಿವುಟಿದರೆ ನೀವು ಕಿತ್ತದ್ದು ಮೊಗ್ಗನ್ನೇ. ಯೂರಿಯಾ ಸುರಿದಿದ್ದರೆ ಎಲೆ ಮಾತ್ರ ಸೊಕ್ಕುತ್ತದೆ. ಹಗಲು ಐದಾರು ಗಂಟೆ ಬಿಸಿಲು ಬೇಕು. ಹತ್ತು ಇಂಚಿನ ಕುಂಡಕ್ಕೆ ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಸಮಪಾಲು. ಮಳೆಗಾಲದಲ್ಲಿ ಕುಂಡ ಮಾಡಿನಡಿ ಇರಬೇಕು, ಆಗುಂಬೆ ಸೀಮೆಯ ಜುಲೈಗೆ ಹೊರಗಿಟ್ಟರೆ ಬೇರು ಕೊಳೆತು ಕೆಲಸ ಅಲ್ಲಿಗೇ ಮುಗಿಯಿತು. ಮೊಗ್ಗಿಗೆ ಕಪ್ಪು ಹೇನು ಮುತ್ತಿದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕಲಸಲು ಚೂರು ಸೋಪು, ಸಂಜೆ ಹೊತ್ತು ಸಿಂಪಡಿಸಿ. ಇಬ್ಬನಿಯಲ್ಲಿ ಮೊದಲೇ ನೆನೆದಿರುವ ಎಲೆಗೆ ಮತ್ತೆ ನೀರು ಹೊಯ್ದು ಚುಕ್ಕೆ ರೋಗ ತರಿಸಬೇಡಿ, ಬುಡಕ್ಕೆ ಹಾಕಿ.

ದೀಪವೇ ಬೇಕು, ಬಣ್ಣವೂ ಬೇಕು ಅನ್ನುವವರು ಪೆಟೂನಿಯಾ ಇಡಿ. ಅದಕ್ಕೆ ಹಗಲು ಉದ್ದವಾದಷ್ಟೂ ಹಬ್ಬ. ನನಗೆ ಪೆಟೂನಿಯಾ ಕಂಡರೆ ಅಷ್ಟಕ್ಕಷ್ಟೇ, ಕಾರಣ ಏನೂ ಇಲ್ಲ, ಬರೀ ಪೂರ್ವಗ್ರಹ. ಬೋಗನ್‌ವಿಲ್ಲಾಕ್ಕೆ ನೀರು ಕಡಿಮೆ ಮಾಡಿ, ಎಲೆ ಸ್ವಲ್ಪ ಜೋತ ಮೇಲೆ ಕೊಡಿ, ಬಣ್ಣ ತಾನಾಗಿ ಬರುತ್ತದೆ. ಕ್ರೋಟನ್‌ಗೆ ಬೇಕಾದ್ದು ಹಗಲಿನ ಬಿಸಿಲು. ಬೇಲಿಯ ಗೊರಟೆ ಏನನ್ನೂ ಕೇಳದೆ ನವೆಂಬರಿಂದ ಬಿಡುತ್ತದೆ. ಆದರೆ ಮಳೆ ಮುಗಿದು ಅಂಗಳ ಕೆರೆದು ಸಗಣಿ ಬಳಿಯುವ ಉಮೇದಿನಲ್ಲಿ ಅದನ್ನೂ ಬುಡಕ್ಕೆ ಸವರಿ ಹಾಕುತ್ತೀರಲ್ಲ, ಅದರ ಬಗ್ಗೆ ಬೇರೆಯೇ ಬರೆಯಬೇಕು. ಸವರುವುದಾದರೆ ಹೂ ಮುಗಿದ ಫೆಬ್ರವರಿಯಲ್ಲಿ.

ಮತ್ತೆ ಲೈಟಿಗೇ ಬರುತ್ತೇನೆ. ಹೂ ಬಿಡದ ಸೇವಂತಿಗೆಯನ್ನು "ಗಂಡುಗಿಡ" ಅಂತ ಕಿತ್ತು ತಿಪ್ಪೆಗೆ ಎಸೆಯಬೇಡಿ. ಇವತ್ತು ರಾತ್ರಿಯಿಂದಲೇ ಕತ್ತಲೆ ಕೊಟ್ಟರೆ ತಳಿ ನೋಡಿಕೊಂಡು ಎಂಟರಿಂದ ಹತ್ತು ವಾರಕ್ಕೆ ಹೂ. ಶಿವರಾತ್ರಿ ಹತ್ತಿರ ಬಂದಿರುತ್ತದೆ. ಆ ಬಿಸಿಲಿಗೆ ಬಣ್ಣ ಸ್ವಲ್ಪ ತಿಳಿ, ಹೂ ಸ್ವಲ್ಪ ಸಣ್ಣ, ಆದರೂ ಹೂವೇ. ಮೊಗ್ಗು ಬಿರಿದು ಬಣ್ಣ ಕಾಣುವವರೆಗೆ ದಮ್ಮಯ್ಯ ಆ ಸ್ವಿಚ್ ಮುಟ್ಟಬೇಡಿ. ಆಮೇಲೆ ಬೇಕಾದರೆ ಫ್ಲಡ್‌ಲೈಟ್ ಹಾಕಿಕೊಂಡೇ ಫೋಟೋ ತೆಗೆದು ಹಾಕಿ, ಲೈಕ್ ಕೊಡುತ್ತೇನೆ.