ಪಾತ್ರೆಯವಳು ಬೇಡ ಅಂದ ಗಂಟು

ಹೋದ ವಾರ ಕಪಾಟು ಖಾಲಿ ಮಾಡಿದೆ. ಬೇಡದ ಬಟ್ಟೆಗಳದ್ದೇ ಒಂದು ದೊಡ್ಡ ಗಂಟಾಯಿತು. ನಮ್ಮ ಚೆಂಬೂರಿನ ಗಲ್ಲಿಗೆ ಈಗಲೂ ಪಾತ್ರೆಯವಳು ಬರುತ್ತಾಳೆ. ಹಳೆ ಬಟ್ಟೆ ತಗೊಂಡು ಸ್ಟೀಲ್ ಪಾತ್ರೆ ಕೊಡುವವಳು. ಮುಂಬೈಯಲ್ಲಿ ಬೆಳೆದವರಿಗೆ ಆ ಕೂಗು ಗೊತ್ತು. ಗಂಟು ಬಿಚ್ಚಿದಳು. ಒಂದೊಂದನ್ನೇ ಹೆಬ್ಬೆರಳಲ್ಲಿ ಉಜ್ಜಿ ನೋಡಿದಳು. ಎರಡು ಪಂಚೆ, ಒಂದು ಹಳೆ ಜೀನ್ಸ್ ಪಕ್ಕಕ್ಕಿಟ್ಟು, ಉಳಿದ ರಾಶಿಯನ್ನು ನನ್ನ ಕಡೆಗೇ ತಳ್ಳಿದಳು. 'ಯೇ ನಹೀ ಚಲೇಗಾ, ಸಬ್ ಪಾಲಿಸ್ಟರ್.'

ಕೈಗೆ ಬಂದದ್ದು ಒಂದು ಸಣ್ಣ ಬಟ್ಟಲು.

ಅವಳ ಲೆಕ್ಕ ಸರಿಯಾಗಿಯೇ ಇದೆ. ಕಾಟನ್ ಹರಿದರೂ ನೆಲ ಒರೆಸುತ್ತದೆ, ಗ್ಯಾರೇಜಿಗೆ ಹೋಗಿ ಮಷಿನ್ ಒರೆಸುತ್ತದೆ. ಪಾಲಿಸ್ಟರ್ ನೀರನ್ನೇ ಹೀರುವುದಿಲ್ಲ. ಹೀರುವುದಾದರೂ ಹೇಗೆ? ಅದು ನೆಲದಲ್ಲಿ ಬೆಳೆದದ್ದಲ್ಲ, ಕಚ್ಚಾ ಎಣ್ಣೆಯಿಂದ ಬಂದದ್ದು. ನಾವು ಕುಡಿದು ಎಸೆಯುವ ನೀರಿನ ಬಾಟ್ಲಿ ಮತ್ತು ನಾನು ಮದುವೆಗೆ ಹಾಕಿಕೊಂಡು ಹೋಗುವ ಅಂಗಿ, ಎರಡೂ ಒಂದೇ ವಸ್ತು. ಒಂದನ್ನು ಊದಿ ಬಾಟ್ಲಿ ಮಾಡುತ್ತಾರೆ, ಇನ್ನೊಂದನ್ನು ಎಳೆ ಎಳೆದು ನೂಲು ಮಾಡುತ್ತಾರೆ. ಜಗತ್ತಿನಲ್ಲಿ ತಯಾರಾಗುವ ನೂಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಈಗ ಪಾಲಿಸ್ಟರೇ.

2021ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಪೆಟ್ರೋಲ್ ಲೀಟರಿಗೆ 100 ರೂಪಾಯಿ ದಾಟಿತು. ಅವತ್ತು ನಮ್ಮ ಕನ್ನಡ ಬಳಗದ ಗ್ರೂಪಿನಲ್ಲಿ ಏನು ಗಲಾಟೆ! ನಾನೂ ಎರಡು ಮಾತು ಸೇರಿಸಿದ್ದೆ. ಅದೇ ವರ್ಷ ಕೂತಲ್ಲೇ ಮನೆಗೆ ಎಷ್ಟು ಬಟ್ಟೆಯ ಪಾರ್ಸೆಲ್ ತರಿಸಿದ್ದೆ ಎಂದು ಯಾರೂ ಕೇಳಲಿಲ್ಲ. ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ಶೇಕಡ 85ಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ನಾವದನ್ನು ಬಂಕಿನಲ್ಲಿ ಮಾತ್ರ ಎಣಿಸುತ್ತೇವೆ. ಕಪಾಟಿನಲ್ಲಿ ಮಡಿಸಿಟ್ಟದ್ದನ್ನು ಎಣಿಸುವುದಿಲ್ಲ.

ಈಗ ಅಪ್ಪನ ವಿಷಯ ಹೇಳಬೇಕು. ವಿಜಯಪುರದ ಕಡೆಯಿಂದ ಬಂದು ಪರೇಲಿನ ಬಟ್ಟೆ ಗಿರಣಿಯೊಂದರ ಸಾಂಚಾ ಖಾತೆಯಲ್ಲಿ, ಅಂದರೆ ಮಗ್ಗದ ವಿಭಾಗದಲ್ಲಿ, ಕೆಲಸಕ್ಕಿದ್ದರು. ದಿನಾ ನೇಯುತ್ತಿದ್ದದ್ದು ಹತ್ತಿ. ಆದರೆ ಅವರಿಗೆ ಆಸೆ ಇದ್ದದ್ದು ಪಾಲಿಸ್ಟರ್ ಮತ್ತು ಹತ್ತಿ ಬೆರೆಸಿದ ಟೆರಿಕಾಟ್ ಅಂಗಿಯ ಮೇಲೆ. ಆಗ ಅದು ದೊಡ್ಡ ಶೋಕಿ. ಸುಕ್ಕಾಗಲ್ಲ, ಇಸ್ತ್ರಿ ಬೇಡ, ಮಳೆಗಾಲದಲ್ಲೂ ಚಾಳಿನ ಗ್ಯಾಲರಿಯಲ್ಲಿ ಒಂದೇ ರಾತ್ರಿಗೆ ಒಣಗುತ್ತದೆ. ಬೋನಸ್ ಬಂದಾಗ ಒಂದು ಹೊಲಿಸಿದರು, ತಿಳಿ ನೀಲಿ. ಮದುವೆ, ಮುಂಜಿ, ಊರಿನ ಜಾತ್ರೆ, ಎಲ್ಲಕ್ಕೂ ಅದೇ. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಜನ ಹೊರಗೆ ಬಂದರು. ಎಷ್ಟೋ ಗಿರಣಿಗಳ ಭೋಂಗಾ (ಸೈರನ್) ಮತ್ತೆ ಕೂಗಲೇ ಇಲ್ಲ. ಬೇರೆ ಕೆಲಸ ಕೇಳಿಕೊಂಡು ಹೋಗುವಾಗಲೂ ಅಪ್ಪ ಹಾಕಿಕೊಂಡದ್ದು ಅದೇ ನೀಲಿ ಅಂಗಿ. ಹನ್ನೆರಡು ವರ್ಷ ಬಾಳಿತು. ಕಾಲರ್ ಸವೆದಾಗ ಅಮ್ಮ ತಿರುಗಿಸಿ ಹೊಲಿದುಕೊಟ್ಟಳು.

ಹಾಗಾಗಿ 'ಎಣ್ಣೆ ಪಾಪ, ಖಾದಿ ಪುಣ್ಯ' ಎನ್ನುವವರ ಜೊತೆ ನಾನಿಲ್ಲ. ನಿಜ ಹೇಳಬೇಕೆಂದರೆ, ಬಡವರ ಮನೆಯಲ್ಲಿ ಅಷ್ಟು ಉಪಕಾರ ಮಾಡಿದ ಬಟ್ಟೆ ಇನ್ನೊಂದಿಲ್ಲ. ನನ್ನ ತಕರಾರು ಬೇರೆ. ಕೊಳೆಯುವುದೇ ಗೊತ್ತಿಲ್ಲದ ವಸ್ತುವನ್ನು ಒಂದು ಸಂಜೆಗೆ ಅಂತ ಕೊಳ್ಳುತ್ತೇವಲ್ಲ, ಅದು. ಆ ಗಂಟಿನಲ್ಲಿದ್ದ ಒಂದು ಕುರ್ತಾ ಹಾಕಿಕೊಂಡದ್ದು ಬರೀ ಒಂದೇ ಸಲ, ಆಫೀಸಿನ 'ಹಳದಿ ದಿನ'ಕ್ಕೆ. (ಈ ಬಣ್ಣದ ದಿನಗಳನ್ನು ಹುಡುಕಿದವರು ಯಾರೋ, ಅವರಿಗೊಂದು ನಮಸ್ಕಾರ.)

ಹಳೆ ಒಂದು ರೂಪಾಯಿ ನೋಟು ನೆನಪಿದೆಯಾ? ಅದರ ಹಿಂದೆ ಸಮುದ್ರದಲ್ಲಿ ಎಣ್ಣೆ ಕೊರೆಯುವ ಸಾಗರ್ ಸಮ್ರಾಟ್ ರಿಗ್ಗಿನ ಚಿತ್ರ ಇರುತ್ತಿತ್ತು. ಮುಂಬೈ ತೀರದಿಂದ ಸುಮಾರು 160 ಕಿಲೋಮೀಟರ್ ಆಚೆ, 1974ರಲ್ಲಿ ಬಾಂಬೆ ಹೈಯ ಎಣ್ಣೆ ಹುಡುಕಿದ್ದು ಅದೇ. ಅದೇ ವರ್ಷ ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ ಒಂದು ಲೇಖನ ಬರೆದರು. ಒಂದೇ ದೇಶದಲ್ಲಿ ಹಣ ಇದ್ದವರು ಹಣ ಇಲ್ಲದವರಿಗಿಂತ ಖುಷಿಯಾಗಿರುತ್ತಾರೆ, ನಿಜ. ಆದರೆ ವರ್ಷಗಳು ಕಳೆದು ಇಡೀ ದೇಶದ ಆದಾಯ ಏರಿದರೂ ಜನರ ಖುಷಿ ಅದರ ಜೊತೆ ಏರಲಿಲ್ಲ ಎಂದರು. ಇದನ್ನು ಒಪ್ಪದ ಪಂಡಿತರೂ ಇದ್ದಾರೆ. ಅವರು ನನ್ನ ಕಪಾಟು ನೋಡಿಲ್ಲ. ನನಗೆ ಖುಷಿ ಇರುವುದು 'ಡೆಲಿವರಿಗೆ ಹೊರಟಿದೆ' ಅನ್ನುವ ಮೆಸೇಜಿನಲ್ಲಿ. ಡಬ್ಬ ಬಿಚ್ಚುವ ಹೊತ್ತಿಗೆ ಅದು ಅರ್ಧ ಇಳಿದಿರುತ್ತದೆ. ಅಪ್ಪ ಆ ಅಂಗಿಗೆ ಬೋನಸ್ಸಿನವರೆಗೆ ಕಾದಿದ್ದರು. ಕಾದದ್ದಕ್ಕೇ ಅಷ್ಟು ವರ್ಷ ಖುಷಿ ಕೊಟ್ಟಿತೇನೋ, ಅಥವಾ ಬೇರೆ ಅಂಗಿ ಇರಲಿಲ್ಲ ಅಷ್ಟೇನಾ, ಗೊತ್ತಿಲ್ಲ. ಕೇಳೋಣವೆಂದರೆ ಅವರೂ ಇಲ್ಲ.

ಲೋವರ್ ಪರೇಲಿನ ಫೀನಿಕ್ಸ್ ಮಿಲ್ ಇದ್ದ ಜಾಗದಲ್ಲಿ ಈಗ ಮಾಲ್ ಇದೆ. ಹತ್ತಿ ನೇಯುತ್ತಿದ್ದ ನೆಲದ ಮೇಲೆ ಎಣ್ಣೆಯ ಬಟ್ಟೆ ನೇತಾಡುತ್ತದೆ. ನಾನೂ ಅಲ್ಲಿಗೆ ಹೋಗುತ್ತೇನೆ. ಎಸಿ ಚೆನ್ನಾಗಿದೆ.

ನಮ್ಮ ಟೆರೇಸಿನಿಂದ ಮಾಹುಲ್ ಕಡೆಯ ರಿಫೈನರಿಯ ಬೆಂಕಿ ಕಾಣುತ್ತದೆ. ಗಾಳಿ ಈ ಕಡೆ ಬೀಸಿದರೆ ವಾಸನೆಯೂ ಬರುತ್ತದೆ. ನಾವು ಕಿಟಕಿ ಹಾಕಿಕೊಳ್ಳುತ್ತೇವೆ. ಅದರ ಬುಡದಲ್ಲೇ ಮನೆ ಇರುವವರು ಎಷ್ಟು ಹೊತ್ತು ಹಾಕಿಕೊಂಡಿರಬೇಕು?

ಗಂಟು ಇನ್ನೂ ಬಾಲ್ಕನಿಯಲ್ಲಿದೆ. ದೇವನಾರಿನ ಕಸದ ಗುಡ್ಡಕ್ಕೆ ಕಳಿಸಲು ಮನಸ್ಸಿಲ್ಲ. 1927ರಿಂದ ಊರಿನ ಕಸ ಹೊತ್ತ ಗುಡ್ಡ ಅದು, ನಮ್ಮ ಮನೆಯಿಂದ ದೂರವೇನಿಲ್ಲ. ಚೆಂಬೂರು, ಗೋವಂಡಿ, ಕುರ್ಲಾ ಕಡೆ ಪಾಲಿಸ್ಟರ್ ಬಟ್ಟೆ ತಗೊಳ್ಳುವವರು ಯಾರಾದರೂ ಗೊತ್ತಿದ್ದರೆ ಹೇಳಿ. ಹಳದಿ ಕುರ್ತಾ ಹೊಸದರ ಹಾಗೇ ಇದೆ.