ದನಕ್ಕೆ ತೌಡು, ಕೋಳಿಗೆ ಕಬ್ಬಿಣ, ನಮಗೆ ಅನ್ನ

ಹಳೇ ಹುಬ್ಬಳ್ಳಿಯ ಓಣಿ ಕೋಳಿಗಳಿಗೆ ರಕ್ತ ಕಡಿಮೆಯಾಗುವ ಚಿಂತೆ ಇಲ್ಲ. ರೇಷನ್ ಅಕ್ಕಿ ಬಂದ ದಿನ ಹೆಣ್ಣುಮಕ್ಕಳು ಕಟ್ಟೆ ಮೇಲೆ ಮೊರ ಹಿಡಿದು ಕೂರುತ್ತಾರೆ. ತುಸು ಹಳದಿ ಬಣ್ಣದ, ಅಚ್ಚಿನಲ್ಲಿ ತೆಗೆದಂಥ ಕಾಳುಗಳನ್ನು ಒಂದೊಂದಾಗಿ ಆರಿಸಿ ಅಂಗಳಕ್ಕೆ ಎಸೆಯುತ್ತಾರೆ. "ಪ್ಲಾಸ್ಟಿಕ್ ಅಕ್ಕಿ ಐತ್ರಿ, ನೀರಾಗ ಹಾಕಿದ್ರ ತೇಲ್ತೈತಿ!"

ಪ್ಲಾಸ್ಟಿಕ್ ಅಲ್ಲ, ಸಾರವರ್ಧಿತ ಅಕ್ಕಿ. ಅಕ್ಕಿ ಬೀಸಿ ಹಿಟ್ಟು ಮಾಡಿ, ಕಬ್ಬಿಣಾಂಶ, ಫೋಲಿಕ್ ಆಸಿಡ್, ಬಿ12 ಕಲಸಿ, ಯಂತ್ರದಲ್ಲಿ ಒತ್ತಿ ಮತ್ತೆ ಅಕ್ಕಿ ಮಾಡುತ್ತಾರೆ! 100 ಕೆಜಿಗೆ 1 ಕೆಜಿ ಬೆರಕೆ. ಐದು ಕೆಜಿಯಲ್ಲಿ 50 ಗ್ರಾಂ. ಸರಿಯಾಗಿ ಆ 50 ಗ್ರಾಮೇ ಕೋಳಿ ಪಾಲು. ಮೊದಲು ಮಿಲ್ಲಿನಲ್ಲಿ ಸತ್ವದ ತೌಡನ್ನೆಲ್ಲ ಉಜ್ಜಿ ತೆಗೆದು ದನಕ್ಕೆ ಹಾಕಿದ್ದಾಯಿತು ಅನ್ನಿ.

ರೇಷನ್‌ನಲ್ಲಿ ಇಂಥ ಅಕ್ಕಿ ಕೊಡುತ್ತೇವೆ ಅಂತ 2021ರ ಸ್ವಾತಂತ್ರ್ಯ ದಿನದಂದು ಕೆಂಪುಕೋಟೆಯಿಂದ ಘೋಷಣೆ ಆಯಿತು. ಅಕ್ಕಿ ಓಣಿತನಕ ಬಂತು, ವಿಷಯ ಬರಲಿಲ್ಲ. ಅಂಗಡಿಯವರನ್ನು ಕೇಳಿದರೆ, "ಮ್ಯಾಲಿಂದ ಬಂದದ್ದು ಕೊಡ್ತೀವ್ರಿ, ಹೆಬ್ಬೆಟ್ಟು ಒತ್ರಿ ಮೊದ್ಲ" ಅಂತಾರೆ. ಸರ್ವರ್ ಇದ್ದರೆ ಒತ್ತಬಹುದು.

ಕಬ್ಬಿಣ ಬೇಕಿಲ್ಲ ಅಂತಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ರಾಜ್ಯದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಆದರೆ ನವಲಗುಂದ, ನರಗುಂದದ ಎರಿ ಹೊಲದಲ್ಲಿ ಹಿಂಗಾರಿಗೆ ಬಿಳಿಜೋಳ ತೂಗಾಡುತ್ತದಲ್ಲ, ಅದನ್ನು ಯಾರೂ ಯಂತ್ರಕ್ಕೆ ಹಾಕಬೇಕಿಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣ. ಪಾಲಿಶ್ ಅಕ್ಕಿಯಲ್ಲಿ 1 ಮಿಲಿಗ್ರಾಂ ಕೂಡ ಇಲ್ಲ. ನಾರಿನಂಶವೂ ಜೋಳದಲ್ಲೇ ಜಾಸ್ತಿ. ರೇಷನ್‌ನಲ್ಲಿ ಜೋಳ ಕೊಟ್ಟದ್ದೂ ಉಂಟು, ಸುಳ್ಳು ಹೇಳಬಾರದು. ಖಾಯಂ ನೆಂಟ ಮಾತ್ರ ಅಕ್ಕಿಯೇ.

ಜೋಳದ್ದೂ ತಪ್ಪಿದೆ ಬಿಡಿ. ಅದು ಹೊಲದಿಂದಲೇ ಸತ್ವ ಹೊತ್ತುಕೊಂಡು ಬರುತ್ತದೆ. ಕಲಸುವವರಿಗೆ, ಒತ್ತುವವರಿಗೆ, ಬೆರೆಸುವವರಿಗೆ ಏನು ಕೆಲಸ ಉಳಿಯಿತು? ಹಾಗಾಗಿ ನನ್ನದೊಂದು ಸಲಹೆ. ಜೋಳವನ್ನೂ ಬೀಸಿ, ಒತ್ತಿ, ಅಕ್ಕಿ ಆಕಾರ ಕೊಟ್ಟು, ನೂರಕ್ಕೆ ಒಂದರಂತೆ ಬೆರೆಸಿ ಕಳಿಸಲಿ. ಟೆಂಡರ್ ಕರೆಯಬಹುದು, ಫೋಟೋ ಹಾಕಿಸಬಹುದು. ನರಗುಂದದ ರೈತ ತನ್ನದೇ ಜೋಳವನ್ನು ಸಾಲಿನಲ್ಲಿ ನಿಂತು, ಹೆಬ್ಬೆಟ್ಟು ಒತ್ತಿ ತಗೊಳ್ಳಲಿ. ಆರಿಸಿ ಎಸೆಯಲು ಅವನ ಹೆಂಡತಿ ಇದ್ದೇ ಇದ್ದಾಳೆ.